ಹನ್ನೆರಡನೆಯ ಮನೆ

ರುಸ್ತಾವಿಯ ಕಾರುಸಂತೆಯಲ್ಲಿ ನಾನು ನಾಡಿ ನೋಡುವವನು.
ಹೆಸರು ಓತಿಯಾ. ಫೀಜು ಎಂಬತ್ತು ಲಾರಿ,
ಕೊಂಡರೂ ಅಷ್ಟೆ, ಬಿಟ್ಟರೂ ಅಷ್ಟೆ.

ಫೆಬ್ರವರಿಯ ಗಾಳಿ. ಜಲ್ಲಿ ಹಾಸಿದ ಬಯಲು.
ಕಡಲು ದಾಟಿ ಬಂದ ಸಾವಿರ ಕಾರು
ಪೋತಿ ಬಂದರಿನ ಸೀಮೆಸುಣ್ಣದ ನಂಬರು ಅಳಿಸದೆ ನಿಂತಿವೆ.
ಲಾಮಾರಾ ಬಂದಳು, ಕಂಕುಳಲ್ಲಿ ತೊಗಲಿನ ಚೀಲ.
ತೋರಿಸಿದ್ದು ಬೂದುಬಣ್ಣದ ಹೈಬ್ರಿಡ್ ಸೆಡಾನು,
ಹತ್ತು ವರ್ಷದ್ದು.

"ಅಮೆರಿಕದ ಅಜ್ಜಿಯೊಬ್ಬಳ ಗಾಡಿ," ಅಂದ ಬದ್ರಿ,
"ಭಾನುವಾರ ಇಗರ್ಜಿಗೆ, ವಾಪಸು ಮನೆಗೆ. ಅಷ್ಟೇ ಓಡಿದ್ದು."
ಈ ಸಂತೆಯ ಕಾರುಗಳನ್ನೆಲ್ಲ ಓಡಿಸಿದ್ದು ಅದೇ ಅಜ್ಜಿ.
ಪುಣ್ಯಾತ್ಗಿತ್ತಿಗೆ ಎಷ್ಟು ಇಗರ್ಜಿಯೋ!

ಮೀಟರು ಎಪ್ಪತ್ತು ಸಾವಿರ ಮೈಲಿ ಅನ್ನುತ್ತದೆ,
ಪೆಡಲಿನ ಸವೆದ ರಬ್ಬರು ಬೇರೇನೋ ಅನ್ನುತ್ತದೆ.
ಸೀಟುಬೆಲ್ಟನ್ನು ಕೊನೆತನಕ ಎಳೆದೆ.
ನೆರೆ ಕಂಡ ಗಾಡಿಯಾದರೆ ಅಲ್ಲಿ ಕೆಸರಿನ ಗೆರೆ ಇರುತ್ತದೆ,
ತೊಳೆದವರ ಕೈ ಅಷ್ಟು ಒಳಗೆ ಹೋಗಿರುವುದಿಲ್ಲ.
ಗೆರೆ ಇಲ್ಲ.
ಬಲಬಾಗಿಲಿಗೆ ಬಣ್ಣ ಎರಡು ಪದರ. ಇರಲಿ, ಯಾರಿಗಿಲ್ಲ.
ಹಿಂಸೀಟಿನ ಪಕ್ಕದ ಗಾಳಿಗೂಡು ಬಿಚ್ಚಿದರೆ
ಹಿಡಿ ತುಂಬ ಬಿಳಿಕೂದಲು. ನಾಯಿಯದು.
ಅದಕ್ಕೂ ದೈವಭಕ್ತಿ ಇತ್ತೇನೋ.
ಬ್ಯಾಟರಿ ಉಸಿರಾಡುವುದು ಆ ತೂತಿನಿಂದಲೇ.

ಯಂತ್ರ ಚುಚ್ಚಿ ಮನೆ ಎಣಿಸಿದೆ: ಹದಿನೇಳು.
ಹೀಟರು ಹಚ್ಚಿ ಭಾರ ಹೇರಿದೊಡನೆ
ಹದಿನಾರು ಒಂದೇ ಮಾತು ಆಡಿದವು,
ಹನ್ನೆರಡನೆಯದು ಮೊಣಕಾಲು ಮಡಚಿತು.

ಬದ್ರಿ ನನ್ನ ಮುಖ ನೋಡಿದ. ಹೆಗಲ ಮೇಲೆ ಕೈ ಹಾಕಿದ.
ಕೈ ತೆಗೆದಾಗ
ಜೇಬಿನಲ್ಲಿ ಐವತ್ತರ ನೋಟು.

ಅವಳು ಒಳಗೆ ಕೂತು ಗುಂಡಿ ಒತ್ತಿದಳು.
ದೀಪ ಹತ್ತಿತು, ಸದ್ದಿಲ್ಲ.
ಹೊಸಬರು ಇಲ್ಲೇ ಮೋಸಹೋಗಿ
ಇನ್ನೊಮ್ಮೆ ಒತ್ತಿ ಆರಿಸಿಬಿಡುತ್ತಾರೆ.
ಅವಳು ಒತ್ತಲಿಲ್ಲ. ತಲೆ ವಾಲಿಸಿ
ಆ ಸದ್ದಿಲ್ಲದ್ದನ್ನು ಸ್ವಲ್ಪ ಹೊತ್ತು ಕೇಳಿದಳು.
"ರೇಡಿಯೋ ಆರಿಸಿ," ಅಂದಳು. "ಮಾತನ್ನೂ."

ಗಾರ್ದಬಾನಿ ರಸ್ತೆ. ಬ್ರೇಕು ಒತ್ತಿದಾಗಲೆಲ್ಲ
ಓಡಿದ್ದನ್ನು ಗಾಡಿ ತಿರುಗಿ ಹೆಕ್ಕಿಕೊಳ್ಳುವ ಸಣ್ಣ ಮೂಲುದನಿ,
ಮೇಲಿಂದ ಕೆಳಕ್ಕೆ ಜಾರುತ್ತ.
"ಇದು ಶ್ರುತಿಯಲ್ಲಿದೆ. ಆದರೆ ಹಿಂದೆ, ಎಡಗಡೆ
ಯಾರೋ ಗೊಣಗುತ್ತಿದ್ದಾರೆ. ಬಲಕ್ಕೆ ತಿರುಗಿದಾಗ ಜೋರು."
ಹದಿನೆಂಟು ವರ್ಷದ ನನ್ನ ಕಿವಿಗೆ ಬಿದ್ದಿರಲಿಲ್ಲ.
ಜಾಕು ಕೊಟ್ಟು ಚಕ್ರ ತಿರುಗಿಸಿದೆ:
ಬೇರಿಂಗಿನೊಳಗೆ ಮರಳು ಅರೆದ ಹಾಗೆ.

ಚೀಲ ತೆರೆದಳು. ಒರೆಸಲು ಬಟ್ಟೆ ಕೊಡುವುದಕ್ಕೆ.
ಒಳಗೆ ಕೀಲಿ, ಉಣ್ಣೆಪಟ್ಟಿ, ಶ್ರುತಿಕವೆ.
ಕಾಖೇತಿಯ ನಲವತ್ತು ಶಾಲೆಗಳ ಪಿಯಾನೋ ಇವಳ ಪಾಲು,
ಸೋವಿಯತ್ ಕಾಲದವು, ಹೊಟ್ಟೆಯಲ್ಲಿ ಇಲಿಗೂಡು.
ಇಷ್ಟು ವರ್ಷ ಬಸ್ಸಿನಲ್ಲೇ ತಿರುಗಿದ್ದಾಳೆ.

"ಈಗ ನೀವು ಕಂಡಿದ್ದು ಹೇಳಿ."

ಬದ್ರಿ ಕೆಮ್ಮಿದ.
ನಾನು ಹನ್ನೆರಡನೆಯ ಮನೆಯ ಮಾತೆತ್ತಿದೆ.
"ಎಷ್ಟು ದಿನ?"
"ಎರಡು ಬೇಸಿಗೆ. ಗೊಂಬೋರಿ ಘಟ್ಟ ಹತ್ತಿಸಿದರೆ ಒಂದೇ."
"ಅದೊಂದನ್ನೇ ಬದಲಿಸಬಹುದೇ?"
"ಬದಲಿಸಬಹುದು. ಹಳಬರ ನಡುವೆ ಹೊಸಬ ಹೊಂದಬೇಕು."
ನಕ್ಕಳು. "ನನಗೆ ಹೇಳುತ್ತೀರಾ?
ಒಂದು ಹೊಸ ತಂತಿ ಹಾಕಿ ಬಂದರೆ
ಮಾಗುವ ತನಕ ತಿಂಗಳುಗಟ್ಟಲೆ ಜಗಳ."

ಬದ್ರಿ ತನ್ನ ತಾಯಿ, ನನ್ನ ತಾಯಿ, ಅಮೆರಿಕದ ಅಜ್ಜಿ
ಎಲ್ಲರನ್ನೂ ನೆನೆದು
ಸಾವಿರದ ನೂರು ಡಾಲರು ಇಳಿಸಿದ.

ಎಂಬತ್ತು ಲಾರಿ ಎಣಿಸಿ ನನ್ನ ಅಂಗೈಗಿಟ್ಟು
ಕಿಟಕಿ ಏರಿಸುವ ಮುಂಚೆ ಅಂದಳು:
"ನಿಮ್ಮ ಎಡಜೇಬು
ನಾನು ಬಂದಾಗ ಸುಮ್ಮನಿತ್ತು."

ಗಾಡಿ ಸದ್ದಿಲ್ಲದೆ ಹೊರಟಿತು,
ಜಲ್ಲಿಕಲ್ಲು ಮಾತ್ರ ಕರಕರ.

ನೋಟು ಬದ್ರಿಗೆ ವಾಪಸು ಕೊಟ್ಟೆ ಅಂತ ಹೇಳಬಹುದಿತ್ತು.
ಸಂಜೆ ಬಿಸಿಬಿಸಿ ಖಿಂಕಾಲಿ ತಿಂದೆ.